ಪ್ರೈಮೇಟ್ ಹೌದೋ ಅಲ್ಲವೋ? ಮೊದಲು ಕೈ ನೋಡಿ

ಒಂದು ಪ್ರಾಣಿಯ ಫೋಟೋ ನಿಮ್ಮ ಮುಂದಿದೆ ಅಂದುಕೊಳ್ಳಿ. ಹೆಸರು ಬರೆದಿಲ್ಲ. ಅದು ಪ್ರೈಮೇಟ್ (ಲೀಮರ್, ಕೋತಿ, ಮನುಷ್ಯ ಎಲ್ಲ ಸೇರಿದ ಪ್ರಾಣಿಗಳ ಬಳಗ) ಹೌದೋ ಅಲ್ಲವೋ ಅಂತ ನೀವೇ ಹೇಳಬೇಕು. ಎಲ್ಲಿಂದ ಶುರು ಮಾಡುತ್ತೀರಿ?

ಜಾಸ್ತಿ ಜನ ಬಾಲ ನೋಡುತ್ತಾರೆ, ಇಲ್ಲವೇ ಮುಖ ಕೋತಿ ಥರ ಇದೆಯಾ ಅಂತ ನೋಡುತ್ತಾರೆ. ಎರಡೂ ದಾರಿ ತಪ್ಪಿಸುತ್ತವೆ. ಈ ಬಳಗದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಮಡಗಾಸ್ಕರ್‌ನ ಮದಾಮ್ ಬರ್ತ್ ಮೌಸ್ ಲೀಮರ್ ಸುಮಾರು 30 ಗ್ರಾಂ ತೂಗುತ್ತದೆ, ಅಂಗೈಯೊಳಗೆ ಮುದುಡಿ ಕೂರುವಷ್ಟು ಪುಟ್ಟದು. ದೊಡ್ಡ ಗಂಡು ಗೊರಿಲ್ಲಾ 200 ಕಿಲೋ ಹತ್ತಿರ ಬರುತ್ತದೆ. ಕಾಡುಪಾಪ, ಮುಸುವ, ಬಬೂನ್, ಗಿಬ್ಬನ್, ಮನುಷ್ಯ, ಎಲ್ಲರೂ ಇದೇ ಬಳಗ. ಮುಖಗಳು ಒಂದೇ ಥರ ಇಲ್ಲ. ಬಾಲವಂತೂ ಒಬ್ಬರಿಗೆ ಮೈಗಿಂತ ಉದ್ದ, ಇನ್ನೊಬ್ಬರಿಗೆ ಇಲ್ಲವೇ ಇಲ್ಲ.

ಹಾಗಾದರೆ ಒಂದೇ ಒಂದು ಗುರುತು ಸಾಕಾಗುತ್ತದಾ? ಆಗುವುದಿಲ್ಲ. ಇದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 1758ರಲ್ಲಿ ಕಾರ್ಲ್ ಲಿನೇಯಸ್ ಈ ಗುಂಪಿಗೆ ಪ್ರೈಮೇಟ್ಸ್ ಅಂತ ಹೆಸರಿಟ್ಟಾಗ ಮೇಲಿನ ನಾಲ್ಕು ಮುಂಬಲ್ಲು ಮತ್ತು ಎದೆಯ ಮೇಲಿನ ಎರಡು ಮೊಲೆಗಳನ್ನು ಗುರುತಾಗಿ ಹಿಡಿದರು. ಆ ಲೆಕ್ಕದಲ್ಲಿ ಮನುಷ್ಯ, ಕೋತಿ, ಲೀಮರ್ ಜೊತೆಗೆ ಬಾವಲಿಯೂ ಒಳಗೆ ಬಂದುಬಿಟ್ಟಿತು! ಅಷ್ಟು ದೊಡ್ಡ ವಿಜ್ಞಾನಿಗೇ ಒಂದೆರಡು ಗುರುತುಗಳು ಕೈಕೊಟ್ಟವು. 1873ರಲ್ಲಿ ಮಿವಾರ್ಟ್ ಅನ್ನುವವರು ಉಗುರು, ಕಾಲರ್ ಬೋನ್, ಕಣ್ಣಿನ ಸುತ್ತ ಮೂಳೆಯ ಬಳೆ, ಹಲ್ಲು, ಮಿದುಳು ಹೀಗೆ ಹಲವನ್ನು ಒಟ್ಟಿಗೆ ಸೇರಿಸಿ ಗುರುತಿನ ಕಟ್ಟು ಮಾಡಿದರು. ಇವತ್ತಿಗೂ ನಾವು ಹಾಗೇ ನೋಡುತ್ತೇವೆ, ಕಟ್ಟಾಗಿ. ಒಂದು ಗುರುತು ತಪ್ಪಿದರೂ ಉಳಿದವು ಹಿಡಿದುಕೊಡುತ್ತವೆ.

ನಿಮಗೊಂದು ಅನುಕೂಲ ಇದೆ. ಹೋಲಿಸಿ ನೋಡಲು ಒಂದು ಮಾದರಿ ಯಾವಾಗಲೂ ಜೊತೆಗೇ ಇರುತ್ತದೆ, ಅದು ನಿಮ್ಮದೇ ಮೈ. ಮುಂದೆ ಓದುವಾಗ ಸುಮ್ನೆ ಓದಬೇಡಿ. ಹೇಳಿದ್ದನ್ನು ನಿಮ್ಮ ಕೈಯಲ್ಲಿ, ನಿಮ್ಮ ಕಣ್ಣಲ್ಲಿ ಒಮ್ಮೆ ಮಾಡಿ ನೋಡಿ.

ಕೈ ಮತ್ತು ಕಾಲು

ಈಗ ನಿಮ್ಮ ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ. ಮೆತ್ತನೆಯ ಭಾಗಕ್ಕೆ ಮೆತ್ತನೆಯ ಭಾಗ ತಾಗಿತು ಅಲ್ವಾ? ನಾಯಿಯ ಪಂಜ ಇದನ್ನು ಮಾಡಲಾರದು, ಬೆಕ್ಕಿನದೂ ಆಗದು. ಪ್ರೈಮೇಟ್‌ಗಳ ಮುಖ್ಯ ಗುರುತು ಈ ಹಿಡಿತ. ಎಲ್ಲವೂ ನಮ್ಮಷ್ಟು ನಾಜೂಕಾಗಿ ಹಿಡಿಯುವುದಿಲ್ಲ. ಚಿಂಪಾಂಜಿಯ ಹೆಬ್ಬೆರಳು ಗಿಡ್ಡ, ಉಳಿದ ಬೆರಳುಗಳು ತುಂಬಾ ಉದ್ದ, ಹಾಗಾಗಿ ಅದು ಸಣ್ಣ ವಸ್ತುವನ್ನು ಹೆಚ್ಚಾಗಿ ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಒತ್ತಿ ಹಿಡಿಯುತ್ತದೆ. ಆದರೂ ಹಿಡಿತ ಹಿಡಿತವೇ.

ಅಳಿಲಿನ ಜೊತೆ ಹೋಲಿಸಿದರೆ ವಿಷಯ ಚೆನ್ನಾಗಿ ತಿಳಿಯುತ್ತದೆ. ಅಳಿಲು ಮರ ಹತ್ತುವಾಗ ಚೂಪು ಉಗುರನ್ನು ತೊಗಟೆಗೆ ಸಿಕ್ಕಿಸಿಕೊಂಡು ಹತ್ತುತ್ತದೆ, ಬೀಜ ತಿನ್ನುವಾಗ ಎರಡೂ ಮುಂಗೈ ಸೇರಿಸಿ ನಡುವೆ ಇಟ್ಟುಕೊಳ್ಳುತ್ತದೆ. ಕೋತಿ ಕೊಂಬೆಯನ್ನು ಬೆರಳಿನಿಂದ ಸುತ್ತಿ ಹಿಡಿಯುತ್ತದೆ, ಹಣ್ಣನ್ನು ಒಂದೇ ಕೈಯಲ್ಲಿ ಕಿತ್ತು ಅದೇ ಕೈಯಲ್ಲಿ ಬಾಯಿಗಿಡುತ್ತದೆ, ಇನ್ನೊಂದು ಕೈ ಕೊಂಬೆಯ ಮೇಲೇ ಇರುತ್ತದೆ. ವಿಡಿಯೋ ನೋಡುವಾಗ ಇದೊಂದನ್ನೇ ಗಮನಿಸಿ: ಒಂದೇ ಕೈಯಲ್ಲಿ ಹಿಡಿಯಿತಾ, ಎರಡು ಬೇಕಾಯಿತಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಮೇಲೆ ಉಗುರು. ನಮ್ಮ ಥರ ಚಪ್ಪಟೆ ಉಗುರು ಇದೆಯಾ, ಬೆರಳಿನಾಚೆ ಬಾಗಿದ ಚೂಪು ಉಗುರಿದೆಯಾ? ಚಪ್ಪಟೆ ಉಗುರಿನ ಹಿಂದೆ ಬೆರಳ ತುದಿ ಅಗಲವಾಗಿ, ಮೆತ್ತಗೆ, ಗೆರೆಗಳಿಂದ ತುಂಬಿರುತ್ತದೆ. ಬೆರಳಚ್ಚು ಕೊಡುತ್ತೇವಲ್ಲ, ಅದೇ ಗೆರೆಗಳು. ಹಿಡಿತಕ್ಕೂ ಸ್ಪರ್ಶಕ್ಕೂ ಅವು ಸಹಾಯ ಮಾಡುತ್ತವೆ. ಹಣ್ಣು ಮಾಗಿದೆಯಾ ಅಂತ ಒತ್ತಿ ನೋಡುವುದು ಈ ತುದಿಗಳಿಂದಲೇ.

ಇಲ್ಲಿ ಸ್ವಲ್ಪ ನಿಧಾನ, ಯಾಕಂದರೆ ಅಪವಾದಗಳು ತುಂಬಾ ಇವೆ, ಹೊಸಬರು ಎಡವುವುದು ಇಲ್ಲೇ. ಮಾರ್ಮೊಸೆಟ್ ಮತ್ತು ಟ್ಯಾಮರಿನ್ ಅನ್ನುವ ಪುಟ್ಟ ಕೋತಿಗಳಿಗೆ ಕಾಲಿನ ಹೆಬ್ಬೆರಳು ಬಿಟ್ಟು ಉಳಿದ ಎಲ್ಲ ಬೆರಳುಗಳಲ್ಲೂ ಪಂಜದ ಥರ ಚೂಪು ಉಗುರು ಇರುತ್ತದೆ. ದಪ್ಪ ಮರದ ಕಾಂಡಕ್ಕೆ ಅಂಟಿಕೊಂಡು ಅಂಟು ತಿನ್ನಲು ಅದು ಬೇಕು. ಮಡಗಾಸ್ಕರ್‌ನ ಐ-ಐ ಅನ್ನುವ ಲೀಮರ್ ಕೂಡ ಹೀಗೇ. ಉಳಿದ ಲೀಮರ್ ಮತ್ತು ಕಾಡುಪಾಪಗಳಿಗೆ ಎಲ್ಲ ಉಗುರೂ ಚಪ್ಪಟೆ, ಕಾಲಿನ ಎರಡನೇ ಬೆರಳಿನಲ್ಲಿ ಮಾತ್ರ ಮೈ ಕೆರೆದುಕೊಳ್ಳಲು ಒಂದು ಚೂಪು ಉಗುರು. ಟಾರ್ಸಿಯರ್ ಅನ್ನುವ ದೊಡ್ಡ ಕಣ್ಣಿನ ಪುಟ್ಟ ಪ್ರೈಮೇಟ್‌ಗೆ ಅಂಥವು ಎರಡು, ಎರಡನೇ ಮತ್ತು ಮೂರನೇ ಬೆರಳಿನಲ್ಲಿ. ಇವೆಲ್ಲದರಲ್ಲೂ ಕಾಲಿನ ಹೆಬ್ಬೆರಳಿನ ಉಗುರು ಮಾತ್ರ ಚಪ್ಪಟೆಯಾಗಿಯೇ ಉಳಿದಿದೆ, ಗಮನಿಸಿದಿರಾ? ಅನುಮಾನ ಬಂದಾಗ ಅದನ್ನೇ ನೋಡಿ.

ಕಾಲಿನ ಹೆಬ್ಬೆರಳು ಅಂದಾಗ ನಾವೇ ದೊಡ್ಡ ಅಪವಾದ. ಬಹುತೇಕ ಪ್ರೈಮೇಟ್‌ಗಳ ಕಾಲು ಇನ್ನೊಂದು ಕೈ ಇದ್ದ ಹಾಗೆ. ಹೆಬ್ಬೆರಳು ಪಕ್ಕಕ್ಕೆ ಸರಿದು ಕೊಂಬೆ ಹಿಡಿಯುತ್ತದೆ. ಮನುಷ್ಯನಲ್ಲಿ ಅದು ಉಳಿದ ಬೆರಳುಗಳ ಸಾಲಿಗೆ ಬಂದು ನಿಂತಿದೆ, ನಡೆಯುವಾಗ ನೆಲವನ್ನು ಹಿಂದಕ್ಕೆ ಒತ್ತಲು. ಇನ್ನೊಂದು ಕಡೆ ಜೇಡ ಕೋತಿ ಮತ್ತು ಕೋಲೊಬಸ್ ಕೋತಿಗಳಲ್ಲಿ ಕೈಯ ಹೆಬ್ಬೆರಳೇ ಕುಗ್ಗಿ ಹೋಗಿದೆ. ಕೈಯನ್ನು ಕೊಕ್ಕೆಯಂತೆ ಬಳಸುವವರಿಗೆ ಅದು ಅಡ್ಡ. ಜೇಡ ಕೋತಿಗೆ ಅದರ ಬದಲು ಬಾಲ ಇದೆ. ಬಾಲದ ತುದಿಯ ಒಳಬದಿಯಲ್ಲಿ ಕೂದಲಿಲ್ಲದ ಚರ್ಮ, ಅದರ ಮೇಲೂ ಬೆರಳಚ್ಚಿನಂಥ ಗೆರೆ! ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಕೋಲಾಗೂ ಬೆರಳಚ್ಚು ಇದೆ ಅನ್ನುವುದನ್ನು ಮರೆಯಬೇಡಿ. ಅದು ಹೊಟ್ಟೆಚೀಲದ ಪ್ರಾಣಿ, ನಮ್ಮ ಬಳಗಕ್ಕೂ ಅದಕ್ಕೂ ತುಂಬಾ ದೂರ. ಮರ ಹಿಡಿದು ಬದುಕುವ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಉಪಾಯ ಕಂಡುಕೊಂಡಿದ್ದಾರೆ. ಕೈ ನೋಡಿ ಖುಷಿಯಾಗಿ ಅಲ್ಲಿಗೇ ನಿಲ್ಲಿಸಬಾರದು ಅನ್ನುವುದಕ್ಕೆ ಇದೇ ಕಾರಣ.

ಕಣ್ಣು

ಎರಡು ಪೆನ್ನು ತೆಗೆದುಕೊಳ್ಳಿ. ಒಂದು ಕಣ್ಣು ಮುಚ್ಚಿ, ಕೈ ಸ್ವಲ್ಪ ಚಾಚಿ, ಎರಡರ ತುದಿಗಳನ್ನು ಎದುರುಬದುರಾಗಿ ಮುಟ್ಟಿಸಲು ನೋಡಿ. ತಪ್ಪುತ್ತದೆ. ಎರಡೂ ಕಣ್ಣು ತೆರೆದು ಮಾಡಿ, ಸಲೀಸು. ಎರಡು ಕಣ್ಣುಗಳೂ ಮುಂದಕ್ಕೆ ನೋಡುವುದರಿಂದ ಅವು ಕಾಣುವ ಚಿತ್ರಗಳು ಒಂದರ ಮೇಲೊಂದು ಕೂರುತ್ತವೆ, ಚಿಕ್ಕ ವ್ಯತ್ಯಾಸದಿಂದ ಮಿದುಳು ದೂರವನ್ನು ಅಳೆಯುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವವರಿಗೆ ಆ ಅಳತೆ ತಪ್ಪಿದರೆ ಕೆಳಗೆ ಬೀಳುವುದೇ.

ಫೋಟೋದಲ್ಲಿ ನೋಡುವುದು ಹೀಗೆ. ಪ್ರಾಣಿ ನಿಮ್ಮ ಕಡೆ ನೇರ ಮುಖ ಮಾಡಿದಾಗ ಎರಡೂ ಕಣ್ಣು ಪೂರ್ತಿ ಕಾಣುತ್ತವಾ? ಮೊಲದ ಅಥವಾ ಜಿಂಕೆಯ ಕಣ್ಣು ಪಕ್ಕಕ್ಕೆ ಜಾರಿರುತ್ತವೆ. ಪ್ರೈಮೇಟ್‌ಗಳಲ್ಲಿ ಮುಂದೆ ಇರುತ್ತವೆ. ಆದರೆ ಬೆಕ್ಕಿಗೂ ಮುಂದೆಯೇ, ಗೂಬೆಗೂ ಮುಂದೆಯೇ. ಹಾಗಾಗಿ ಕಣ್ಣನ್ನು ಕೈ ಜೊತೆ ಸೇರಿಸಿ ಓದಬೇಕು. ಕಣ್ಣು ಮುಂದೆ, ಜೊತೆಗೆ ಹಿಡಿಯುವ ಕೈ, ಜೊತೆಗೆ ಚಪ್ಪಟೆ ಉಗುರು. ಮೂರೂ ಒಟ್ಟಿಗೆ ಇದ್ದರೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆ.

ತಲೆಬುರುಡೆ ನೋಡುವ ಅವಕಾಶ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಕಣ್ಣಿನ ಹೊರಮೂಲೆಯಲ್ಲಿ ಬೆರಳಿಟ್ಟು ಒತ್ತಿ. ಗಟ್ಟಿ ಮೂಳೆ ಸಿಗುತ್ತದೆ. ಎಲ್ಲ ಪ್ರೈಮೇಟ್‌ಗಳಲ್ಲೂ ಕಣ್ಣಿನ ಹೊರಬದಿಗೆ ಹೀಗೆ ಮೂಳೆಯ ಕಂಬ ಇರುತ್ತದೆ. ಲೀಮರ್ ಮತ್ತು ಕಾಡುಪಾಪದಲ್ಲಿ ಅದು ಬರೀ ಬಳೆ, ಹಿಂದೆ ಖಾಲಿ. ಕೋತಿಗಳಲ್ಲಿ, ವಾನರಗಳಲ್ಲಿ (ಗೊರಿಲ್ಲಾ, ಚಿಂಪಾಂಜಿಯಂಥ ಬಾಲವಿಲ್ಲದವು), ನಮ್ಮಲ್ಲಿ ಹಿಂದುಗಡೆ ಮೂಳೆಯ ಗೋಡೆಯೂ ಇದೆ, ಕಣ್ಣು ಬಟ್ಟಲಿನಲ್ಲಿ ಕೂತ ಹಾಗೆ. ನಾಯಿಯ ತಲೆಬುರುಡೆಯಲ್ಲಿ ಆ ಬಳೆಯೂ ಪೂರ್ತಿ ಮುಚ್ಚಿರುವುದಿಲ್ಲ.

ಕಣ್ಣು ಯಾಕೆ ಮುಂದೆ ಬಂತು ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದ ನಡೆದಿದೆ. ಮರದ ಮೇಲಿನ ಬದುಕೇ ಕಾರಣ ಅಂತ ಮೊದಲು ಅಂದುಕೊಂಡಿದ್ದರು. 1970ರ ದಶಕದಲ್ಲಿ ಮ್ಯಾಟ್ ಕಾರ್ಟ್‌ಮಿಲ್ ಒಂದು ನೇರ ಪ್ರಶ್ನೆ ಎತ್ತಿದರು: ಅಳಿಲೂ ಮರದ ಮೇಲೇ ಇರುತ್ತದಲ್ಲ, ಅದರ ಕಣ್ಣು ಯಾಕೆ ಪಕ್ಕಕ್ಕಿದೆ? ಸಣ್ಣ ಕೊಂಬೆಗಳಲ್ಲಿ ಕಣ್ಣಿನಿಂದ ಗುರಿ ಇಟ್ಟು ಕೈಯಿಂದ ಹುಳ ಹಿಡಿಯುವ ಬದುಕು ಇದಕ್ಕೆ ಕಾರಣ ಅನ್ನುವುದು ಅವರ ವಾದ. ರಾಬರ್ಟ್ ಸಸ್ಮನ್ ಹೂವು, ಹಣ್ಣು, ಚಿಗುರಿನ ಕಡೆ ಬೆರಳು ತೋರಿಸಿದರು. ಹಾವನ್ನು ಬೇಗ ಗುರುತಿಸಬೇಕಾದ ಒತ್ತಡವೂ ಇತ್ತು ಅಂತ ಲಿನ್ ಇಸ್ಬೆಲ್ 2006ರಲ್ಲಿ ಬರೆದರು. ನನಗಂತೂ ಅಳಿಲಿನ ಪ್ರಶ್ನೆ ತುಂಬಾ ಗಟ್ಟಿಯಾದದ್ದು ಅನಿಸುತ್ತದೆ.

ಬಣ್ಣದ ವಿಷಯ ಹೊರಗಿನಿಂದ ನೋಡಿ ತಿಳಿಯುವಂಥದ್ದಲ್ಲ, ಆದರೂ ಹೇಳುತ್ತೇನೆ. ಬಹುತೇಕ ಸಸ್ತನಿಗಳ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡು ಬಗೆ. ಆಫ್ರಿಕಾ ಮತ್ತು ಏಷ್ಯಾದ ಕೋತಿಗಳಿಗೆ, ವಾನರಗಳಿಗೆ, ನಮಗೆ ಮೂರು ಬಗೆ. ಹಸಿರು ಎಲೆಯ ನಡುವೆ ಕೆಂಪು ಹಣ್ಣು ನಮಗೆ ಎದ್ದು ಕಾಣುವುದು ಇದರಿಂದ. ಅಮೆರಿಕದ ಕೋತಿಗಳಲ್ಲಿ ಕಥೆ ವಿಚಿತ್ರ: ಹೆಚ್ಚಿನ ಜಾತಿಗಳಲ್ಲಿ ಗಂಡುಗಳಿಗೆ ಎರಡೇ ಬಗೆ, ಕೆಲವು ಹೆಣ್ಣುಗಳಿಗೆ ಮಾತ್ರ ಮೂರು. ರಾತ್ರಿ ಓಡಾಡುವ ಗೂಬೆ ಕೋತಿಗೆ ಒಂದೇ.

ಮೂಗು, ಹಲ್ಲು, ಭುಜ, ಬಾಲ

ಇವನ್ನು ಬೇಗ ಮುಗಿಸೋಣ. ಇವು ಪ್ರೈಮೇಟ್ ಹೌದಾ ಅನ್ನುವುದಕ್ಕಿಂತ ಯಾವ ಪ್ರೈಮೇಟ್ ಅನ್ನುವುದಕ್ಕೆ ಜಾಸ್ತಿ ಸಹಾಯ ಮಾಡುತ್ತವೆ.

ಮೂಗಿನ ತುದಿ ನಾಯಿಯ ಥರ ಒದ್ದೆಯಾಗಿ ಹೊಳೆಯುತ್ತಿದ್ದರೆ ಅದು ಲೀಮರ್ ಅಥವಾ ಕಾಡುಪಾಪದ ಕಡೆಯದು. ಇವು ವಾಸನೆಯನ್ನು ಇನ್ನೂ ತುಂಬಾ ನಂಬುತ್ತವೆ. ಒಣ ಮೂಗಿದ್ದರೆ ಟಾರ್ಸಿಯರ್, ಕೋತಿ, ವಾನರ ಅಥವಾ ಮನುಷ್ಯ. ಈ ಒಣ ಮೂಗಿನ ಗುಂಪಿಗೆ ಇನ್ನೊಂದು ಗುಟ್ಟಿದೆ: ಇವರ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ, ಆಹಾರದಿಂದಲೇ ಬರಬೇಕು. ಒದ್ದೆ ಮೂಗಿನವರು ತಾವೇ ಮಾಡಿಕೊಳ್ಳುತ್ತಾರೆ. ಮೂಗಿನ ಹೊಳ್ಳೆಗಳು ಅಗಲವಾಗಿ ಪಕ್ಕಕ್ಕೆ ತೆರೆದಿದ್ದರೆ ಅಮೆರಿಕದ ಕೋತಿ, ಹತ್ತಿರ ಹತ್ತಿರವಾಗಿ ಕೆಳಕ್ಕೆ ತೆರೆದಿದ್ದರೆ ಆಫ್ರಿಕಾ ಅಥವಾ ಏಷ್ಯಾದ್ದು.

ಹಲ್ಲು ಎಣಿಸಿದರೆ ಆಫ್ರಿಕಾ, ಏಷ್ಯಾದ ಕೋತಿಗಳಿಗೂ ವಾನರಗಳಿಗೂ ನಮ್ಮಂತೆಯೇ 32. ಅಮೆರಿಕದ ಹೆಚ್ಚಿನ ಕೋತಿಗಳಿಗೆ 36. ಲೀಮರ್, ಕಾಡುಪಾಪಗಳ ಕೆಳಗಿನ ಮುಂಬಲ್ಲುಗಳು ಮುಂದಕ್ಕೆ ಚಾಚಿ ಬಾಚಣಿಗೆಯಂತೆ ಇರುತ್ತವೆ, ಅವು ಕೂದಲು ಬಾಚುವುದೂ ಅದರಿಂದಲೇ.

ಭುಜಕ್ಕೆ ಬನ್ನಿ. ಕೈಯನ್ನು ತಲೆಯ ಮೇಲೆತ್ತಿ ಪೂರ್ತಿ ಸುತ್ತು ತಿರುಗಿಸಿ. ಆಮೇಲೆ ಮೊಣಕೈ ಮಡಚಿ, ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ. ಮೊದಲನೆಯದಕ್ಕೆ ಭುಜವನ್ನು ಪಕ್ಕಕ್ಕೆ ಹಿಡಿದಿಡುವ ಗಟ್ಟಿ ಕಾಲರ್ ಬೋನ್ ಬೇಕು, ಎರಡನೆಯದಕ್ಕೆ ಮುಂಗೈಯ ಎರಡು ಮೂಳೆಗಳು ಬೇರೆ ಬೇರೆಯಾಗಿ ಉಳಿದಿರಬೇಕು. ಕುದುರೆಗೆ ಕಾಲರ್ ಬೋನ್ ಇಲ್ಲ, ಮುಂಗಾಲಿನ ಮೂಳೆಗಳೂ ಕೂಡಿಕೊಂಡಿವೆ, ಹಾಗಾಗಿ ಅದು ಚೆನ್ನಾಗಿ ಓಡುತ್ತದೆ, ತೂಗಾಡಲಾರದು. ಪ್ರೈಮೇಟ್‌ಗಳು ಎಲ್ಲ ದಿಕ್ಕಿಗೂ ಕೈ ಚಾಚಬಲ್ಲವು. ಅದರಲ್ಲೂ ಗಿಬ್ಬನ್ ಕೈಯಿಂದ ಕೈಗೆ ತೂಗುತ್ತಾ ಹೋಗುವುದನ್ನು ನಿಧಾನಗತಿಯ ವಿಡಿಯೋದಲ್ಲಿ ಒಮ್ಮೆಯಾದರೂ ನೋಡಿ. ಜೊತೆಗೆ ಕೂರುವ ಭಂಗಿ ನೋಡಿ. ಬೆನ್ನು ನೆಟ್ಟಗೆ, ಕುಂಡೆಯ ಮೇಲೆ ಭಾರ, ಎರಡೂ ಕೈ ಖಾಲಿ.

ಬಾಲ ಇಲ್ಲದಿದ್ದರೆ ವಾನರ, ಅಂದರೆ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಬೊನೊಬೊ ಅಥವಾ ನಾವು. ಈ ನಿಯಮ ಹೆಚ್ಚಿನ ಸಲ ನಡೆಯುತ್ತದೆ. ಆದರೆ ಉತ್ತರ ಆಫ್ರಿಕಾದ ಬಾರ್ಬರಿ ಮಕಾಕ್‌ಗೆ ಬಾಲ ಇಲ್ಲವೇ ಇಲ್ಲ ಅನ್ನಬಹುದು, ಆದರೂ ಅದು ಕೋತಿ. ಕಾಡುಪಾಪಕ್ಕೂ ಬಾಲ ಕಾಣುವುದಿಲ್ಲ.

ಕಾಲವನ್ನು ಅಳೆಯಿರಿ

ಮೇಲಿನವೆಲ್ಲ ಒಂದು ಫೋಟೋದಲ್ಲಿ ಸಿಗುತ್ತವೆ. ಈಗ ಹೇಳುವುದು ಫೋಟೋದಲ್ಲಿ ಸಿಗುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದೇ ಪ್ರೈಮೇಟ್‌ಗಳ ಜೀವಾಳ. ಇವುಗಳ ಬದುಕು ನಿಧಾನ.

ಬೆಕ್ಕಿನ ಬಸಿರು ಸುಮಾರು ಎರಡು ತಿಂಗಳು, ಒಂದೇ ಸೂಲಿಗೆ ಮೂರು ನಾಲ್ಕು ಮರಿ. ರೀಸಸ್ ಮಕಾಕ್ ಅನ್ನುವ ಕೋತಿ ಮೈಯಲ್ಲಿ ಬೆಕ್ಕಿಗಿಂತ ಸ್ವಲ್ಪವೇ ದೊಡ್ಡದು, ಅದರ ಬಸಿರು ಸುಮಾರು ಐದೂವರೆ ತಿಂಗಳು, ಹುಟ್ಟುವುದು ಒಂದೇ ಮರಿ. ಬೆಕ್ಕಿನ ಮರಿ ಒಂದು ವರ್ಷದೊಳಗೆ ತಾನೇ ತಾಯಿಯಾಗಬಲ್ಲದು. ಮಕಾಕ್ ಹೆಣ್ಣಿಗೆ ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಚಿಂಪಾಂಜಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಹೆರುತ್ತದೆ. ಒರಾಂಗುಟಾನ್ ತಾಯಿ ಇನ್ನೂ ನಿಧಾನ, ಎರಡು ಮರಿಗಳ ನಡುವೆ ಏಳೆಂಟು ವರ್ಷ ಅಂತರ. ಅಷ್ಟೂ ದಿನ ಆ ಮರಿ ತಾಯಿಯ ಜೊತೆಗೇ ಇದ್ದು ಯಾವ ಮರದ ಹಣ್ಣು ಯಾವಾಗ ಮಾಗುತ್ತದೆ, ಯಾವುದನ್ನು ಬಿಡಿಸಿ ತಿನ್ನಬೇಕು, ಮಲಗಲು ಕೊಂಬೆ ಬಾಗಿಸಿ ಹಾಸಿಗೆ ಹೇಗೆ ಮಾಡಬೇಕು ಅಂತ ನೋಡಿ ನೋಡಿ ಕಲಿಯುತ್ತದೆ.

ಇಷ್ಟು ಉದ್ದದ ಬಾಲ್ಯ ಯಾಕೆ? ಮಿದುಳು ದೊಡ್ಡದು. ಮೈ ಗಾತ್ರಕ್ಕೆ ಹೋಲಿಸಿದರೆ ಪ್ರೈಮೇಟ್‌ಗಳ ಮಿದುಳು ಬೇರೆ ಬಹುತೇಕ ಸಸ್ತನಿಗಳಿಗಿಂತ ಹಿರಿದು. ಚಿಂಪಾಂಜಿಯದು ಸುಮಾರು 400 ಗ್ರಾಂ, ನಮ್ಮದು ಸುಮಾರು 1,350 ಗ್ರಾಂ. ಅದನ್ನು ಬೆಳೆಸಲು, ತುಂಬಿಸಲು ಕಾಲ ಬೇಕು, ತಾಯಿ ಬೇಕು. ಒಂದೊಂದು ಮರಿಯ ಮೇಲೂ ಇಷ್ಟು ವರ್ಷ ಸುರಿಯುವ ಜಾತಿಗೆ ಒಂದು ಮರಿ ಹೋದರೂ ತುಂಬಿಕೊಳ್ಳುವುದು ಕಷ್ಟ.

ನೋಡುವಾಗ ಮರಿ ಎಲ್ಲಿದೆ ಅಂತ ಹುಡುಕಿ. ಗೂಡಿನಲ್ಲಿ ಬಿಟ್ಟಿದೆಯಾ, ಮೈಗೆ ಅಂಟಿಕೊಂಡಿದೆಯಾ? ಕೋತಿ ಮರಿ ಹುಟ್ಟಿದ ದಿನದಿಂದಲೇ ತಾಯಿಯ ಹೊಟ್ಟೆಯ ಕೂದಲು ಹಿಡಿದು ನೇತಾಡುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಬೆನ್ನ ಮೇಲೆ. ಮುಸುವಗಳಲ್ಲಿ ಹೊಸ ಮರಿಯನ್ನು ಗುಂಪಿನ ಬೇರೆ ಹೆಣ್ಣುಗಳೂ ಕೈಯಿಂದ ಕೈಗೆ ಎತ್ತಿಕೊಳ್ಳುತ್ತವೆ. ಮಾರ್ಮೊಸೆಟ್‌ಗಳಿಗೆ ಅವಳಿ ಹುಟ್ಟುವುದೇ ರೂಢಿ, ಅಲ್ಲಿ ಮರಿ ಹೊರುವ ಕೆಲಸ ಬಹುಪಾಲು ಅಪ್ಪನದು ಮತ್ತು ಅಣ್ಣ ಅಕ್ಕಂದಿರದು. ಆದರೆ ಕೆಲವು ಪುಟ್ಟ ಲೀಮರ್‌ಗಳು ಮರಿಗಳನ್ನು ಗೂಡಿನಲ್ಲಿ ಬಿಟ್ಟು ಹೋಗುತ್ತವೆ.

ನಡವಳಿಕೆ ನೋಡುವ ಕ್ರಮ

ಗುಂಪನ್ನು ಒಟ್ಟಿಗೆ ನೋಡಿದರೆ ಗಲಾಟೆ ಮಾತ್ರ ಕಾಣುತ್ತದೆ. ಜಗಳ ಆಡಿದ್ದು, ಕಿರುಚಿದ್ದು ನೆನಪಿರುತ್ತದೆ, ಗಂಟೆಗಟ್ಟಲೆ ಸುಮ್ಮನೆ ಕೂತದ್ದು ಮರೆತುಹೋಗುತ್ತದೆ. ಜೀನ್ ಆಲ್ಟ್‌ಮನ್ 1974ರಲ್ಲಿ ಇದಕ್ಕೆ ಕ್ರಮಬದ್ಧ ದಾರಿಗಳನ್ನು ಬರೆದರು, ಇವತ್ತಿಗೂ ಪ್ರಾಣಿ ನೋಡುವವರು ಅದನ್ನೇ ಹಿಡಿಯುತ್ತಾರೆ. ಸರಳವಾಗಿ ಹೇಳುವುದಾದರೆ: ಒಂದೇ ಪ್ರಾಣಿಯನ್ನು ಆರಿಸಿ. ಹತ್ತು ನಿಮಿಷ ಅದನ್ನು ಬಿಟ್ಟು ಬೇರೆ ಯಾರನ್ನೂ ನೋಡಬೇಡಿ, ಪಕ್ಕದಲ್ಲಿ ಎಷ್ಟೇ ಸ್ವಾರಸ್ಯದ ಜಗಳ ನಡೆಯಲಿ. ಪ್ರತಿ ನಿಮಿಷಕ್ಕೆ ಒಂದು ಪದ ಬರೆಯಿರಿ: ತಿನ್ನುತ್ತಿದೆ, ಕೂತಿದೆ, ನಡೆಯುತ್ತಿದೆ, ಕೂದಲು ಬಿಡಿಸುತ್ತಿದೆ. ಅದರ ಹತ್ತಿರ ಯಾರಿದ್ದಾರೆ ಅಂತಲೂ ಬರೆಯಿರಿ. ಆಮೇಲೆ ಇನ್ನೊಂದು ಪ್ರಾಣಿಗೆ ಹೋಗಿ. ಕಾರಣ ಬರೆಯಬೇಡಿ. "ಕೋಪ ಬಂತು" ಅಂತ ಬರೆಯುವ ಬದಲು "ಹುಬ್ಬು ಎತ್ತಿತು, ಬಾಯಿ ತೆರೆಯಿತು, ಮುಂದಕ್ಕೆ ನುಗ್ಗಿತು" ಅಂತ ಬರೆಯಿರಿ.

ಹೀಗೆ ಮಾಡಿದರೆ ಮೊದಲು ಎದ್ದು ಕಾಣುವುದು ಕೂದಲು ಬಿಡಿಸುವ ಕೆಲಸ. ಹೇನು ಹೆಕ್ಕುತ್ತವೆ ಅಂತ ನಾವು ಅನ್ನುತ್ತೇವೆ. ಹೇನು, ಕೊಳೆ, ಸತ್ತ ಚರ್ಮ ತೆಗೆಯುವುದು ನಿಜ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಯಾರು ಯಾರಿಗೆ ಬಿಡಿಸುತ್ತಾರೆ ಅನ್ನುವುದು ನಂಟಿನ ಲೆಕ್ಕ. ತಾಯಿ ಮಗಳಿಗೆ, ಅಕ್ಕ ತಂಗಿಗೆ, ಕೆಳಗಿನ ದರ್ಜೆಯದು ಮೇಲಿನದಕ್ಕೆ. ಜಗಳದಲ್ಲಿ ಯಾರ ಪರ ಯಾರು ನಿಲ್ಲುತ್ತಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇರುತ್ತದೆ. ಜಗಳ ಆದ ಮೇಲೆ ಕೂಡ ನೋಡುತ್ತಿರಿ. ನೆದರ್ಲೆಂಡ್ಸ್‌ನ ಆರ್ನೆಮ್ ಮೃಗಾಲಯದ ಚಿಂಪಾಂಜಿಗಳು ಹೊಡೆದಾಡಿದ ಸ್ವಲ್ಪ ಹೊತ್ತಿಗೆ ತಾವೇ ಹತ್ತಿರ ಬಂದು ತಬ್ಬಿಕೊಂಡು ಮುತ್ತಿಡುವುದನ್ನು ಫ್ರಾನ್ಸ್ ಡಿ ವಾಲ್ ಮತ್ತು ಅವರ ಜೊತೆಗಾರ್ತಿ 1979ರಲ್ಲಿ ಬರೆದಿಟ್ಟರು.

ದರ್ಜೆ ತಿಳಿಯಲು ಜಗಳ ಕಾಯಬೇಕಿಲ್ಲ. ಯಾರು ಬಂದಾಗ ಯಾರು ಎದ್ದು ಜಾಗ ಬಿಡುತ್ತಾರೆ ಅಂತ ನೋಡಿ ಸಾಕು. ಮಕಾಕ್‌ಗಳಲ್ಲಿ ಮಗಳ ದರ್ಜೆ ತಾಯಿಯ ದರ್ಜೆಗೆ ಹೊಂದಿಕೊಂಡಿರುತ್ತದೆ, ಅದರಲ್ಲೂ ಕಿರಿಯ ಮಗಳು ಹಿರಿಯಳಿಗಿಂತ ಮೇಲೆ ಬರುವುದೇ ಸಾಮಾನ್ಯ. ಗಂಡುಗಳು ದೊಡ್ಡವಾದ ಮೇಲೆ ಗುಂಪು ಬಿಟ್ಟು ಹೋಗುತ್ತವೆ. ಚಿಂಪಾಂಜಿಗಳಲ್ಲಿ ಉಲ್ಟಾ, ಸಾಮಾನ್ಯವಾಗಿ ಹೆಣ್ಣುಗಳು ಬೇರೆ ಗುಂಪಿಗೆ ಹೋಗುತ್ತವೆ. ಉಂಗುರ ಬಾಲದ ಲೀಮರ್‌ಗಳಲ್ಲಿ ಹೆಣ್ಣುಗಳದೇ ಮೇಲುಗೈ. ಗಂಡೇ ಯಜಮಾನ ಅಂತ ಮೊದಲೇ ತೀರ್ಮಾನಿಸಿ ನೋಡಲು ಕೂರಬೇಡಿ. ಒಂಟಿಯಾಗಿರುವವರೂ ಇದ್ದಾರೆ. ದೊಡ್ಡ ಗಂಡು ಒರಾಂಗುಟಾನ್ ಹೆಚ್ಚು ಕಾಲ ಒಬ್ಬನೇ ಇರುತ್ತಾನೆ, ಆದರೆ ಅವನ ದೀರ್ಘ ಕೂಗು ಕಾಡಿನಲ್ಲಿ ದೂರದವರೆಗೆ ಕೇಳುತ್ತದೆ.

ಮುಖದ ಬಗ್ಗೆ ಎಚ್ಚರ. ಮಕಾಕ್ ತುಟಿ ಹಿಂದಕ್ಕೆಳೆದು ಹಲ್ಲು ತೋರಿಸಿದರೆ ಅದು ನಗುತ್ತಿಲ್ಲ. ಹೆದರಿದೆ, ಅಥವಾ "ನಾನು ನಿನಗಿಂತ ಕೆಳಗಿನವನು" ಅಂತ ಒಪ್ಪಿಕೊಳ್ಳುತ್ತಿದೆ. ಜಾಹೀರಾತುಗಳಲ್ಲಿ ಹಲ್ಲು ಕಿಸಿದು "ನಗುವ" ಚಿಂಪಾಂಜಿಯ ಮುಖವೂ ಬಹಳ ಸಲ ಭಯದ್ದೇ. ಆಟದ ಮುಖ ಬೇರೆ: ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೈ ಬಿಗಿದಿರುವುದಿಲ್ಲ. ತುಟಿಗಳನ್ನು ಪಟಪಟ ಬಡಿದರೆ ಸ್ನೇಹ. ದಿಟ್ಟಿಸಿ ನೋಡಿದರೆ ಬೆದರಿಕೆ. ಗಂಡು ಬಬೂನ್ ದೊಡ್ಡದಾಗಿ ಆಕಳಿಸಿದರೆ ನಿದ್ದೆ ಬಂದಿದೆ ಅಂದುಕೊಳ್ಳಬೇಡಿ, ಕೋರೆಹಲ್ಲು ತೋರಿಸುತ್ತಿರಬಹುದು.

ಕೂಗಿಗೂ ಕಿವಿ ಕೊಡಿ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಕೋತಿಗಳ ಎಚ್ಚರಿಕೆಯ ಕೂಗುಗಳನ್ನು ಸೇಫಾರ್ತ್, ಚೆನಿ ಮತ್ತು ಮಾರ್ಲರ್ ರೆಕಾರ್ಡ್ ಮಾಡಿ, ಅಪಾಯ ಏನೂ ಇಲ್ಲದಾಗ ಸ್ಪೀಕರ್‌ನಲ್ಲಿ ಕೇಳಿಸಿದರು. ಚಿರತೆ ಬಂತು ಅನ್ನುವ ಕೂಗಿಗೆ ಕೋತಿಗಳು ಮರ ಹತ್ತಿದವು, ಹದ್ದಿನ ಕೂಗಿಗೆ ಮೇಲೆ ನೋಡಿ ಪೊದೆಗೆ ಓಡಿದವು, ಹಾವಿನ ಕೂಗಿಗೆ ನೆಲ ನೋಡಿದವು. 1980ರಲ್ಲಿ ಪ್ರಕಟವಾದ ಕೆಲಸ ಇದು. ಕೂಗು ಬರೀ ಭಯದ ಶಬ್ದ ಅಲ್ಲ, ಅದರಲ್ಲಿ ಸುದ್ದಿ ಇದೆ ಅನ್ನುವುದು ಅಲ್ಲಿ ಗೊತ್ತಾಯಿತು.

ಕೊನೆಗೆ ಕಲಿಕೆ. 1953ರಲ್ಲಿ ಜಪಾನ್‌ನ ಕೊಶಿಮಾ ದ್ವೀಪದಲ್ಲಿ ಇಮೊ ಅನ್ನುವ ಚಿಕ್ಕ ಹೆಣ್ಣು ಮಕಾಕ್ ಗೆಣಸಿನ ಮಣ್ಣನ್ನು ನೀರಿನಲ್ಲಿ ತೊಳೆದು ತಿಂದಿತು. ಮೊದಲು ಕಲಿತದ್ದು ಅದರ ಜೊತೆಗಾರರು ಮತ್ತು ತಾಯಿ, ವರ್ಷಗಳು ಕಳೆದಂತೆ ಗುಂಪಿನ ಹೆಚ್ಚಿನವರು. ದೊಡ್ಡ ಗಂಡುಗಳು ಬಹುತೇಕ ಕಲಿಯಲೇ ಇಲ್ಲ. 1960ರಲ್ಲಿ ಟಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್, ಚಿಂಪಾಂಜಿ ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿಯುವುದನ್ನು ಕಂಡರು. ಕಡ್ಡಿಯ ಎಲೆ ಕಿತ್ತು ಅದನ್ನು ಸರಿಮಾಡಿಕೊಳ್ಳುವುದನ್ನೂ ಕಂಡರು. ಉಪಕರಣ ಮಾಡುವವನು ಮನುಷ್ಯ ಮಾತ್ರ ಅನ್ನುವ ಮಾತು ಅಲ್ಲಿಗೆ ನಿಂತಿತು. ಬ್ರೆಜಿಲ್‌ನ ಕಾಪುಚಿನ್ ಕೋತಿಗಳು ಕಲ್ಲಿನಿಂದ ಗಟ್ಟಿ ಕಾಯಿ ಒಡೆಯುತ್ತವೆ. ನೀವು ನೋಡುವಾಗಲೂ ಪಕ್ಕದಲ್ಲಿ ಮೂಗು ತಾಗಿಸುವಷ್ಟು ಹತ್ತಿರ ಕೂತು ದೊಡ್ಡವರ ಕೈಯನ್ನೇ ನೋಡುವ ಮರಿ ಇದೆಯಾ ಅಂತ ಹುಡುಕಿ. ಕಲಿಕೆ ನಡೆಯುವುದು ಅಲ್ಲಿ.

ಈಗ ಪರೀಕ್ಷೆ ಮಾಡಿಕೊಳ್ಳಿ

ರಕೂನ್: ಕೈ ತುಂಬಾ ಚುರುಕು, ನೀರಿನಲ್ಲಿ ತಡಕಾಡಿ ತಿನಿಸು ಹುಡುಕುತ್ತದೆ. ಆದರೆ ಹೆಬ್ಬೆರಳು ಎದುರಿಗೆ ಬರುವುದಿಲ್ಲ, ಎಲ್ಲ ಬೆರಳಿಗೂ ಚೂಪು ಉಗುರು. ಪ್ರೈಮೇಟ್ ಅಲ್ಲ. ಸ್ಲಾತ್: ಮುಖ ನೋಡಿದರೆ ಮೋಸ ಹೋಗುತ್ತೀರಿ, ಮರಿಯೂ ತಾಯಿಗೆ ಅಂಟಿಕೊಂಡಿರುತ್ತದೆ. ಕೈಯಲ್ಲಿ ಎರಡು ಅಥವಾ ಮೂರು ಉದ್ದ ಕೊಕ್ಕೆ. ಅಲ್ಲ. ಟ್ರೀ ಶ್ರೂ: ಇದನ್ನು ವಿಜ್ಞಾನಿಗಳೇ ಬಹಳ ಕಾಲ ಪ್ರೈಮೇಟ್ ಅಂತ ಸೇರಿಸಿದ್ದರು, ಕಣ್ಣಿನ ಸುತ್ತ ಮೂಳೆಯ ಬಳೆ ಇದೆ. ಕೈ ನೋಡಿ, ಎಲ್ಲ ಉಗುರೂ ಚೂಪು. ಕಣ್ಣು ನೋಡಿ, ಪಕ್ಕಕ್ಕೆ. ಈಗ ಅದಕ್ಕೆ ಬೇರೆಯೇ ಗುಂಪು. ಐ-ಐ: ಇಲಿಯ ಥರ ಬೆಳೆಯುತ್ತಲೇ ಇರುವ ಮುಂಬಲ್ಲು, ದೊಡ್ಡ ಕಿವಿ, ಕಡ್ಡಿಯಂಥ ನಡುಬೆರಳು. ಹಿಂದೆ ಇದನ್ನು ಅಳಿಲಿನ ಕಡೆಯದು ಅಂದುಕೊಂಡಿದ್ದರು. ಕಾಲಿನ ಹೆಬ್ಬೆರಳು ನೋಡಿ, ಪಕ್ಕಕ್ಕೆ ಸರಿದಿದೆ, ಚಪ್ಪಟೆ ಉಗುರಿದೆ. ಪ್ರೈಮೇಟ್.

ನೋಡುವಾಗ ಪಾಲಿಸಬೇಕಾದ್ದು

ಎದುರಿಗೇ ಇರುವ ಪ್ರಾಣಿಯನ್ನು ನೋಡುತ್ತಿದ್ದರೆ ಹಲ್ಲು ಕಾಣುವಂತೆ ನಗಬೇಡಿ, ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸಬೇಡಿ, ಮರಿಯ ಮತ್ತು ತಾಯಿಯ ನಡುವೆ ಹೋಗಬೇಡಿ. ತಿನ್ನಲು ಏನನ್ನೂ ಕೊಡಬೇಡಿ. ಒಮ್ಮೆ ಕೈಯಿಂದ ತಿಂದ ಪ್ರಾಣಿ ಮುಂದಿನ ಸಲ ಕಿತ್ತುಕೊಳ್ಳುತ್ತದೆ, ಆಮೇಲೆ ಕಚ್ಚುತ್ತದೆ, ಶಿಕ್ಷೆ ಆಗುವುದು ಮಾತ್ರ ಅದಕ್ಕೆ. ದೂರ ಇಟ್ಟುಕೊಳ್ಳಿ. ನಮ್ಮ ನೆಗಡಿ, ಕೆಮ್ಮು ಅವುಗಳಿಗೂ ತಗಲುತ್ತದೆ, ವಾನರಗಳಿಗೆ ಅದು ಸಾವನ್ನೂ ತರಬಲ್ಲದು. ಪರ್ವತ ಗೊರಿಲ್ಲಾ ನೋಡಲು ಹೋಗುವವರು ನಿಗದಿಯಾದಷ್ಟು ದೂರ ಇರಬೇಕು ಅನ್ನುವ ನಿಯಮ ಬಂದದ್ದು ಇದಕ್ಕೇ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಪ್ರೈಮೇಟ್ ಜಾತಿಗಳಲ್ಲಿ ಸುಮಾರು 60 ಪ್ರತಿಶತ ಅಳಿವಿನ ಅಪಾಯದಲ್ಲಿವೆ, ಸುಮಾರು 75 ಪ್ರತಿಶತದ ಸಂಖ್ಯೆ ಇಳಿಯುತ್ತಿದೆ ಅಂತ ಲೆಕ್ಕ ಹಾಕಿತು. ಏಳೆಂಟು ವರ್ಷಕ್ಕೊಂದು ಮರಿ ಹಾಕುವ ಒರಾಂಗುಟಾನ್‌ನ ಬಗ್ಗೆ ಮೇಲೆ ಓದಿದಿರಲ್ಲ, ಆ ಲೆಕ್ಕದ ಜೊತೆ ಇದನ್ನು ಇಟ್ಟು ನೋಡಿ.

ವಿಡಿಯೋ ನೋಡುವವರಿಗೂ ಒಂದು ಮಾತು. ಸ್ಲೋ ಲೋರಿಸ್ ಅನ್ನುವ ದುಂಡು ಕಣ್ಣಿನ ಪುಟ್ಟ ಪ್ರೈಮೇಟ್ ಎರಡೂ ಕೈ ಮೇಲೆತ್ತಿ ಕಚಗುಳಿ ಇಡಿಸಿಕೊಳ್ಳುವ ವಿಡಿಯೋಗಳು ತುಂಬಾ ಓಡಾಡುತ್ತವೆ. ವಿಷ ಇರುವ ಒಂದೇ ಪ್ರೈಮೇಟ್ ಬಳಗ ಅದು. ಮೊಣಕೈ ಹತ್ತಿರದ ಗ್ರಂಥಿಯ ರಸ ಎಂಜಲಿನ ಜೊತೆ ಸೇರಿದಾಗ ಕಡಿತ ವಿಷವಾಗುತ್ತದೆ, ಹೆದರಿದಾಗ ಅದು ಕೈ ಎತ್ತುವುದು ಬಾಯಿ ಆ ಗ್ರಂಥಿಗೆ ತಾಗಲಿ ಅಂತ. ಅಲ್ಲಿ ಕಾಣುವುದು ಖುಷಿ ಅಲ್ಲ. ರಾತ್ರಿ ಓಡಾಡುವ ಪ್ರಾಣಿಯನ್ನು ಬೆಳಕಿನಲ್ಲಿ ಇಟ್ಟಿರುತ್ತಾರೆ, ಮಾರುವ ಮೊದಲು ಹಲ್ಲುಗಳನ್ನು ಕತ್ತರಿಸಿರುವುದೂ ಉಂಟು. ಅಂಥ ವಿಡಿಯೋ ಬಂದರೆ ಲೈಕ್ ಒತ್ತಬೇಡಿ, ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಆ ಎತ್ತಿದ ಕೈಯ ಅರ್ಥ ಏನು ಅಂತ ಹೇಳಿ.